ಒಂದೇ ಗೊಂಚಲಿನ ಕೀಗಳು

ನಮ್ಮ ತಂಡಕ್ಕೆ ಸತತ ಮೂರು ವರ್ಷ ಕಾರ್ಖಾನೆಯ ಒಳ್ಳೆ ತಂಡ ಅಂತ ಬಹುಮಾನ ಬಂದಿತ್ತು. ಆ ಫಲಕಗಳು ಈಗಲೂ ಮ್ಯಾನೇಜರ್ ಕೋಣೆಯ ಗೋಡೆ ಮೇಲಿವೆ. ನೋಡಿದಾಗಲೆಲ್ಲ ಕಿತ್ತು ಬಿಸಾಡೋಣ ಅನ್ನಿಸುತ್ತೆ. ಆದರೆ ಅದಕ್ಕೂ ಮೊದಲು ನನ್ನನ್ನೇ ಬಿಸಾಡಬೇಕು. ಆ ತಂಡ ಕಟ್ಟಿದ ಮೇಸ್ತ್ರಿ ನಾನೇ.

ನಮ್ಮದು ರದ್ದಿ ಕಾಗದ ಅರೆಯೋ ಕಾರ್ಖಾನೆ. ಎರಡಾಳು ಆಳದ ತೊಟ್ಟಿ, ತಳದಲ್ಲಿ ಉಕ್ಕಿನ ಅಲಗು. ತಂತಿ, ಪ್ಲಾಸ್ಟಿಕ್ ಸುತ್ತಿಕೊಂಡು ಅಲಗು ನಿಂತರೆ ನೀರು ಬಸಿದು, ಕರೆಂಟು ತೆಗೆದು, ನಾವು ಒಳಗಿಳಿದು ಬಿಡಿಸಬೇಕು. ಇಳಿಯೋ ಪ್ರತಿಯೊಬ್ಬನೂ ಸ್ವಿಚ್ಚಿನ ಪೆಟ್ಟಿಗೆಗೆ ತನ್ನದೇ ಬೀಗ ಹಾಕಿ, ಕೀ ಕೊರಳಿಗೆ ಕಟ್ಟಿಕೊಂಡು ಇಳಿಯಬೇಕು ಅಂತ ನಿಯಮ. ಒಬ್ಬನೇ ಒಬ್ಬ ಒಳಗಿದ್ದರೂ ಅವನ ಬೀಗ ಇರುತ್ತೆ, ಯಾರಪ್ಪ ಬಂದರೂ ಅಲಗು ತಿರುಗಲ್ಲ.

ನನಗೆ ಆ ನಿಯಮ ಕಂಡರೆ ಮೈ ಉರಿಯೋದು. ಮೇಲೆ ಬಂದ ಮೇಲೆ ಒಬ್ಬೊಬ್ಬನೂ ಕೊರಳು ತಡಕಿ ಬೀಗ ತೆಗೆಯೋಷ್ಟರಲ್ಲಿ ಕಾಲು ಗಂಟೆ ಹೋಗೋದು. ಒಂದು ದಿನ ನಾಲ್ವರನ್ನೂ ನಿಲ್ಲಿಸಿ ಕೈ ಚಾಚಿದೆ. "ಕೀ ಎಲ್ಲ ಇಲ್ಲಿ ಹಾಕ್ರಿ. ಇನ್ಮೇಲೆ ಒಂದೇ ಗೊಂಚಲು, ನನ್ನ ಕೈಲಿ. ಎಲ್ಲರೂ ಮೇಲೆ ಬಂದ್ರಾ ಅಂತ ನಾನು ಕೂಗ್ತೀನಿ, 'ಬಂದೆ' ಅನ್ನಿ, ಮುಗೀತು."

ವೆಲ್ಡರ್ ಕೊಟ್ಟ, ಎಲೆಕ್ಟ್ರಿಷಿಯನ್ ಕೊಟ್ಟ, ಕ್ರೇನಿನ ಗುಂಡ ಕೊಟ್ಟ. ಫಿಟ್ಟರ್ ದೊಡ್ಡಣ್ಣ ಮಾತ್ರ ಕೊರಳಿನ ದಾರ ಹಿಡಿದುಕೊಂಡೇ ನಿಂತ. ನಮ್ಮೆಲ್ಲರಿಗಿಂತ ಹಿರಿಯ, ನನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದವನು.

"ನನ್ನದು ನನ್ನ ಹತ್ರಾನೇ ಇರಲಿ ಕಣಪ್ಪ."

"ಯಾಕಣ್ಣ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದೆ, ಎಲ್ಲರೆದುರಿಗೇ. ಮೂವರೂ ನಕ್ಕರು. ಅವನು ದಾರ ಬಿಚ್ಚಿ ಕೊಟ್ಟ.

ಇನ್ನೊಂದು ಪಾಠವನ್ನೂ ನಾನೇ ಕಲಿಸಿದ್ದು. ನಮ್ಮವನೊಬ್ಬ ಕಾಣದಿದ್ದರೆ ಬಿಟ್ಟುಕೊಡಬಾರದು. ಮ್ಯಾನೇಜರ್ ಹಾಜರಿ ಕೂಗುವಾಗ ಯಾರಾದರೂ ಟೀಗೆ ಹೋಗಿದ್ದರೆ ಪಕ್ಕದವನು "ಬಂದೆ" ಅನ್ನಬೇಕು. ಮ್ಯಾನೇಜರಿಗೆ ಅಂತ ಶುರುವಾದದ್ದು ಬರಬರುತ್ತಾ ರೂಢಿಯಾಯಿತು. ತೊಟ್ಟಿ ಹತ್ತಿರ ನಾನು ಕೂಗಿದಾಗಲೂ ಒಬ್ಬನ ಬದಲು ಇನ್ನೊಬ್ಬ ಹಾಗೇ ಹೇಳತೊಡಗಿದ. ಗೊತ್ತಿದ್ದೂ ಸುಮ್ಮನಿದ್ದೆ. ಅದನ್ನು ಒಗ್ಗಟ್ಟು ಅಂದುಕೊಂಡಿದ್ದೆ.

ಆ ಬೆಳಗ್ಗೆ ತಂತಿ ಬಿಡಿಸಿ ಎಲ್ಲರೂ ಮೇಲೆ ಹತ್ತಿದ್ದರು. ಸ್ವಿಚ್ ಇರೋದು ಗೋಡೆಯ ಆಚೆ, ಅಲ್ಲಿಂದ ತೊಟ್ಟಿ ಕಾಣಲ್ಲ. ಅಲ್ಲೇ ನಿಂತು ಒಬ್ಬೊಬ್ಬರನ್ನೇ ಕೂಗಿದೆ. ಮೂರು "ಬಂದೆ" ಕೇಳಿಸಿತು. "ದೊಡ್ಡಣ್ಣ?" ಅಂದೆ. ಒಂದು ಗಳಿಗೆ ತಡವಾಗಿ "ಬಂದೆ" ಅಂತ ಬಂತು. ನಾಲ್ಕು ಬೀಗ ತೆಗೆದು ಗುಂಡಿ ಒತ್ತಿದೆ.

ದನಿ ವೆಲ್ಡರಿನದು. ಅಣ್ಣ ಟೀಗೆ ಹೋಗಿರಬೇಕು ಅಂದುಕೊಂಡನಂತೆ. ಅಣ್ಣ ತಳದಲ್ಲಿ ಉಳಿದಿದ್ದ ಸ್ಪ್ಯಾನರ್ ತರಲು ಮತ್ತೆ ಇಳಿದಿದ್ದ. ಸ್ಪ್ಯಾನರ್ ಸಿಕ್ಕಿ ಅಲಗು ಮುರಿಯಬಾರದು ಅಂತ.

ಏನು ನೋಡಿದೆ ಅಂತ ನಾನು ಹೇಳಲ್ಲ.

ಮಣ್ಣು ಮಾಡಿದ ಮರುದಿನ ದೊಡ್ಡಣ್ಣನ ಹೆಂಡತಿ, ನಾವೆಲ್ಲ ಅತ್ತಿಗೆ ಅನ್ನೋದು, ನನ್ನ ಮನೆ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. "ಅವರದೇ ತಪ್ಪು ಅಂತ ಕಾರ್ಖಾನೆಯವರು ಬರೀತಾರಂತೆ. ಮನೆ ಬೀಗ ಹಾಕಿದ್ರೆ ಮೂರು ಸಲ ಎಳೆದು ನೋಡೋ ಮನುಷ್ಯ ಅವರು. ನನಗೇನೂ ಬೇಡ ಕಣಪ್ಪ. ನಡೆದದ್ದು ನಡೆದ ಹಾಗೆ ಬರೆಸು."

"ಬರೆಸ್ತೀನಿ ಅತ್ತಿಗೆ" ಅಂದೆ. ಮನಸಾರೆ ಅಂದೆ.

ವಿಚಾರಣೆ ಮ್ಯಾನೇಜರ್ ಕೋಣೆಯಲ್ಲಿ, ಆ ಮೂರು ಫಲಕಗಳ ಕೆಳಗೇ. ಹೊರಗಿನಿಂದ ಬಂದ ಅಧಿಕಾರಿ, ನನ್ನ ಮೂವರು, ಮೂಲೆಯ ಕುರ್ಚಿಯಲ್ಲಿ ಅತ್ತಿಗೆ. ನಾನು ಒಂದೂ ಬಿಡದೆ ಹೇಳಿದೆ. ಕೀ ಕಿತ್ತುಕೊಂಡದ್ದು ನಾನು, ಸುಳ್ಳು ಹಾಜರಿ ಕಲಿಸಿದ್ದು ನಾನು, ಗುಂಡಿ ಒತ್ತಿದ್ದೂ ನಾನು.

ಅಧಿಕಾರಿ ಅವರ ಕಡೆ ತಿರುಗಿದರು. "ಹೌದೇನ್ರಪ್ಪಾ?"

ಎಲೆಕ್ಟ್ರಿಷಿಯನ್ ಎದ್ದು ನಿಂತ. "ಮೇಸ್ತ್ರಿಗೆ ನಾಲ್ಕು ದಿನದಿಂದ ಊಟ ನಿದ್ದೆ ಇಲ್ಲ ಸರ್. ಅಣ್ಣ ಹೋದ ದುಃಖಕ್ಕೆ ಎಲ್ಲಾ ತಮ್ಮ ತಲೆ ಮೇಲೆ ಎಳ್ಕೊಳ್ತಿದಾರೆ. ನಮ್ಮ ಕೀ ನಮ್ಮ ಹತ್ರಾನೇ ಇರುತ್ತೆ."

ಮೂವರೂ ಒಟ್ಟಿಗೇ ಅಂಗಿಯೊಳಗೆ ಕೈ ಹಾಕಿ ದಾರ ಎಳೆದರು. ಮೂರು ಕೊರಳಲ್ಲಿ ಮೂರು ಕೀ. ನಾನು ಜೇಬು ತಡಕಿದೆ. ಗೊಂಚಲು ಇರಲಿಲ್ಲ, ಯಾವಾಗ ತೆಗೆದುಕೊಂಡಿದ್ದರೋ.

"ದೊಡ್ಡಣ್ಣಂದು?" ಅಂದರು ಅಧಿಕಾರಿ.

"ಕಪಾಟಿನಲ್ಲೇ ಇದೆ ಸರ್, ಬೀಗಾನೂ ಕೀನೂ" ಅಂದ ವೆಲ್ಡರ್, ನೆಲ ನೋಡಿಕೊಂಡು. "ಅವತ್ತು ಹಾಕೋದೇ ಮರೆತಿದ್ದಾರೆ."

"ಲೋ! ಸುಳ್ಳು ಬೊಗಳಬೇಡ್ರೋ! ಅವನ ಹೆಂಡತಿ ಇಲ್ಲೇ ಕೂತಿದಾಳಲ್ರೋ!" ಮೇಜು ಗುದ್ದಿ ಕಿರುಚಿದೆ. ಗುಂಡ ಬಂದು ನನ್ನ ಹೆಗಲು ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಮೇಸ್ತ್ರೀನ ಉಳಿಸ್ತಿದೀನಿ ಅಂತಲೇ ಅವನು ತಿಳಿದಿದ್ದ. ಅಧಿಕಾರಿ ನನ್ನ ಮುಂದೆ ಒಂದು ಲೋಟ ನೀರು ಸರಿಸಿ, 'ಕೆಲಸಗಾರನ ಅಜಾಗರೂಕತೆ' ಅಂತ ಬರೆದುಕೊಂಡರು.

ಅತ್ತಿಗೆ ಎದ್ದಳು. ಬಾಗಿಲ ಹತ್ತಿರ ನಿಂತು ನನ್ನನ್ನೊಮ್ಮೆ ನೋಡಿದಳು. "ಚೆನ್ನಾಗಿ ತಯಾರು ಮಾಡಿದೀಯ ಕಣಪ್ಪ ಇವರನ್ನ" ಅಂದು ಹೊರಟುಹೋದಳು.

ಮರುದಿನ ಮತ್ತೆ ಅಲಗಿಗೆ ತಂತಿ ಸುತ್ತಿಕೊಂಡಿತು. ತೊಟ್ಟಿ ತೊಳೆದಿದ್ದರು. ಇಳಿಯೋ ಮುಂಚೆ ಹಾಜರಿ ಕೂಗಿದೆ. ವೆಲ್ಡರ್, ಬಂದೆ. ಎಲೆಕ್ಟ್ರಿಷಿಯನ್, ಬಂದೆ. ಗುಂಡ, ಬಂದೆ. ಎಷ್ಟೋ ವರ್ಷದ ರೂಢಿ, ನನ್ನ ಬಾಯಿ ಅಲ್ಲಿಗೆ ನಿಲ್ಲಲಿಲ್ಲ.

"ದೊಡ್ಡಣ್ಣ?"

"ಬಂದೆ" ಅಂತು ಒಂದು ದನಿ.

ಯಾರದ್ದು ಅಂತ ನಾನು ತಲೆ ಎತ್ತಿ ನೋಡಲಿಲ್ಲ.