ಹೊಲಿದ ಅರ್ಜಿ

ನನ್ನ ತಂಗಿ ಕಾಲೇಜಿಗೆ ಅರ್ಜಿ ಹಾಕಿದ್ದು ನಿಂತುಕೊಂಡೇ. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಮೊಬೈಲು. ಚಹಾ ಆರುವ ಮೊದಲೇ ಮೊಬೈಲು ‘ಟಿಂಗ್’ ಎಂದಿತು, ಅವಳು ‘ಆಯ್ತು’ ಎಂದಳು. ಅಪ್ಪ ಗೋಂದಿನ ಬ್ರಷ್ಷು ಕೆಳಗಿಟ್ಟು, “ಇಷ್ಟೇನಾ?” ಎಂದು ಬಾಯಿ ಬಿಟ್ಟುಕೊಂಡು ನೋಡಿದರು. ಅಷ್ಟಕ್ಕೇ ಅವರ ಮುಖ ಅರಳಿದ್ದು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮದು ಬೈಂಡಿಂಗ್ ಅಂಗಡಿ. ಬೀದಿಗೆ ತೆರೆದುಕೊಂಡ ಒಂದು ಕೋಣೆ, ಅದರ ಹಿಂದೆ ಇನ್ನೊಂದು. ಮುಂದಿನ ಕೋಣೆಯಲ್ಲಿ ತಂಗಿ ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ. ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಬೀಳುವ ಮೇಜಿಗೆ, ಅಪ್ಪನ ಪಕ್ಕ ಕೂತು ನಾನು ಪುಸ್ತಕ ಹೊಲಿಯುತ್ತೇನೆ. ಅವಳ ಪಟಪಟ ಮಾತಿಗೆ ಅಪ್ಪ ಇಟ್ಟ ಹೆಸರು ಚಿನಕುರುಳಿ. ನನಗೆ ಅವರು ಯಾವ ಮುದ್ದಿನ ಹೆಸರನ್ನೂ ಇಡಲಿಲ್ಲ. ಕೆಲಸಕ್ಕೆ ಬಾರದ ವಿಷಯ ಎಂದು ನೀವು ಅನ್ನಬಹುದು. ನಾನು ಮಾತ್ರ ಮರೆತಿಲ್ಲ.

ಆ ವರ್ಷ ದೂರದ ಊರಿನ ಕಾಲೇಜೊಂದು ಹಳೆಯ ಪುಸ್ತಕಗಳನ್ನು ಉಳಿಸುವುದು ಹೇಗೆಂದು ಕಲಿಸುವ ಕೋರ್ಸು ತೆರೆದಿತ್ತು. ನಮ್ಮ ಜಿಲ್ಲೆಯ ಬೈಂಡಿಂಗ್ ಕಸುಬಿನ ಮನೆಯವರಿಗೆಂದು ಅದರಲ್ಲಿ ಒಂದೇ ಒಂದು ಸೀಟು, ಜಿಲ್ಲೆಯಲ್ಲಿ ಅಂಥ ಮನೆ ಉಳಿದಿದ್ದು ನಮ್ಮದೊಂದೇ.

“ಇಬ್ಬರೂ ಹಾಕಿ,” ಅಂದಿದ್ದರು ಅಪ್ಪ. “ಯಾರಿಗೆ ಸಿಗುತ್ತೋ ಅವಳು ಹೋಗ್ಲಿ. ಇನ್ನೊಬ್ಬಳು ನನ್ ಜೊತೆ ಅಂಗಡೀಲಿರ್ಬೇಕು. ನನ್ನೊಬ್ಬನ ಕೈಲಿ ಆಗಲ್ಲ.”

ನನಗೆ ಹೋಗಲೇಬೇಕಿತ್ತು. ಹುಳು ತಿಂದ ಪುಸ್ತಕಗಳನ್ನು ಜನ ಮಗುವಿನ ಹಾಗೆ ಎತ್ತಿಕೊಂಡು ತರುತ್ತಿದ್ದರು. ಅಪ್ಪ ಎರಡು ಪುಟ ತಿರುವಿ, “ಇದು ನಮ್ ಕೈಲಾಗಲ್ಲ ಸ್ವಾಮಿ” ಎಂದು ವಾಪಸು ಕೊಡುತ್ತಿದ್ದರು. ಪ್ರತಿ ಸಲವೂ ಆ ಪುಸ್ತಕ ಬೀದಿಯ ತಿರುವು ದಾಟುವವರೆಗೂ ನಾನು ನೋಡುತ್ತಿದ್ದೆ. ಆದರೆ ಚಿನಕುರುಳಿಗೆ ಏಕೆ ಬೇಕಿತ್ತು ಈ ಸೀಟು? ಒಂದು ದಿನವಾದರೂ ಸೂಜಿ ಹಿಡಿದವಳಲ್ಲ. ನಾನು ಬಯಸಿದ್ದು ಎಂಬ ಕಾರಣಕ್ಕೇ ಅವಳೂ ಬಯಸಿದಳು ಎಂದು ನಾನು ತೀರ್ಮಾನ ಮಾಡಿಕೊಂಡೆ.

ಅರ್ಜಿಯನ್ನು ಅಂಚೆಯಲ್ಲೂ ಕಳಿಸಬಹುದು, ಆನ್‌ಲೈನಿನಲ್ಲೂ ಹಾಕಬಹುದು ಎಂದಿತ್ತು.

“ಅಕ್ಕ, ನಿಂದೂ ಇದರಲ್ಲೇ ಹಾಕ್ಬಿಡ್ಲಾ?” ಎಂದು ತಂಗಿ ಮೊಬೈಲು ತೋರಿಸಿ ಕೇಳಿದಳು.

“ಬೇಡ. ನಾನು ಅಂಚೇಲಿ ಕಳಿಸ್ತೀನಿ.”

“ಈಗ ಯಾರು ಕಳಿಸ್ತಾರೆ ಅಂಚೇಲಿ?”

“ನಿನ್ ಅರ್ಜಿ ಎಲ್ಲಿದೆ, ತೋರ್ಸು ನೋಡೋಣ. ಕೈಯಲ್ಲಿ ಹಿಡಿಯೋಕಾಗುತ್ತಾ?”

ಅವಳು ಮೂಗು ಮುರಿದಳು. ನನ್ನ ಹಳೇ ಮೊಬೈಲಿನಲ್ಲಿ ಮಾತು ಬಿಟ್ಟರೆ ಬೇರೇನೂ ನಡೆಯುತ್ತಿರಲಿಲ್ಲ, ಅವಳ ಹಂಗು ನನಗೆ ಬೇಕಿರಲಿಲ್ಲ. ಅಂಚೆಯ ಮೇಲೆ ನನಗೆ ಹುಟ್ಟಿದ ಪ್ರೀತಿಗೆ ಅಷ್ಟೇ ಕಾರಣ.

ಅರ್ಜಿ, ಅಂಕಪಟ್ಟಿಯ ಪ್ರತಿಗಳು, ನಾನು ಕಟ್ಟಿದ ಪುಸ್ತಕಗಳ ಫೋಟೋಗಳು, ಏಕೆ ಓದಬೇಕೆಂದು ಬರೆದ ಹಾಳೆಗಳು. ಎಲ್ಲ ಜೋಡಿಸಿಟ್ಟುಕೊಂಡೆ. ಲಕೋಟೆಗೆ ತುರುಕಲು ಕೈ ಬರಲಿಲ್ಲ. ನಮ್ಮ ಅಂಗಡಿಯಿಂದ ಬಿಡಿ ಹಾಳೆ ಹೊರಗೆ ಹೋಗುವುದೆಂದರೆ ಹರಿದ ಬಟ್ಟೆಯಲ್ಲಿ ಮನೆಯವರು ಬೀದಿಗೆ ಇಳಿದಷ್ಟೇ ಅವಮಾನ. ಹಾಳೆಗಳ ಅಂಚನ್ನು ತಟ್ಟಿ ಸಮ ಮಾಡಿ, ದಬ್ಬಳದಿಂದ ತೂತು ಕೊರೆದು, ಮೇಣ ಹಚ್ಚಿದ ದಾರದಿಂದ ಬಿಗಿಯಾಗಿ ಹೊಲಿದೆ. ರಟ್ಟು ಹಾಕಿದೆ. ಬೆನ್ನಿಗೆ ನೀಲಿ ಬಟ್ಟೆ ಅಂಟಿಸಿದೆ.

ಅಪ್ಪ ಅದನ್ನು ತೆರೆದು, ಮುಚ್ಚಿ, ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು. “ನೋಡೇ ಚಿನಕುರುಳಿ, ಕೆಲಸ ಅಂದ್ರೆ ಇದು,” ಎಂದರು. ಅವಳು ಬಾಗಿಲಲ್ಲಿ ನಿಂತು ನೋಡಿ, ಮುಂದಿನ ಕೋಣೆಗೆ ಹೋದಳು. ಎಂಥ ಸಂತೋಷವಾಯಿತು ನನಗೆ! ರಿಜಿಸ್ಟರ್ ಮಾಡಿಸಿ ಬರುವಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆ ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಅವಳ ಮೊಬೈಲು ಸುಮ್ಮನಿರಲೇ ಇಲ್ಲ. ‘ಅರ್ಜಿ ತಲುಪಿದೆ’ ಎಂದಿತು. ‘ಪರಿಶೀಲನೆಯಲ್ಲಿದೆ’ ಎಂದಿತು. ‘ದಾಖಲೆಗಳು ಸರಿಯಾಗಿವೆ’ ಎಂದಿತು. ಪ್ರತಿ ಸಲವೂ ಅವಳು ಓಡಿ ಬಂದು ಅಪ್ಪನಿಗೆ ತೋರಿಸುತ್ತಿದ್ದಳು, ಅಪ್ಪ ಕನ್ನಡಕ ಏರಿಸಿ ಓದಿ, “ಭಲೇ” ಎನ್ನುತ್ತಿದ್ದರು. ಭಲೇ ಅನ್ನುವುದಕ್ಕೆ ಅವಳೇನು ಮಾಡಿದಳು? ಮೊಬೈಲು ಮಾಡಿತು. ನಾನು ಹಲ್ಲು ಕಚ್ಚಿಕೊಂಡು ಹೊಲಿಯುತ್ತಿದ್ದೆ. ನನಗಿದ್ದುದು ಅಂಚೆಯಣ್ಣನ ಸೈಕಲ್ಲಿನ ಗಂಟೆ ಒಂದೇ, ಅದು ದಿನವೂ ನಮ್ಮ ಬಾಗಿಲು ದಾಟಿ ಮುಂದೆ ಹೋಗುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಗಂಟೆ ನಮ್ಮ ಬಾಗಿಲಲ್ಲೇ ನಿಂತಿತು.

“ಏನಮ್ಮ, ಇಟ್ಟಿಗೆ ಕಳಿಸಿದ್ಯಾ? ವಾಪಸ್ ಬಂದಿದೆ,” ಎಂದು ಅಂಚೆಯಣ್ಣ ಪೊಟ್ಟಣ ಕೈಗಿಟ್ಟ.

ನನ್ನದೇ ನೀಲಿ ಬೆನ್ನು. ಜೊತೆಗೊಂದು ಚೀಟಿ: ಹೊಲಿದ ಅರ್ಜಿಗಳನ್ನು ಸ್ಕ್ಯಾನ್ ಮಾಡಲು ಆಗುವುದಿಲ್ಲ, ಕೊನೆಯ ದಿನದೊಳಗೆ ಬಿಡಿ ಹಾಳೆಗಳಲ್ಲಿ ಕಳಿಸಿ ಅಥವಾ ಆನ್‌ಲೈನಿನಲ್ಲಿ ಸಲ್ಲಿಸಿ. ಕೊನೆಯ ದಿನ ಅಂದೇ ಆಗಿತ್ತು. ಅಪ್ಪ ಪುಸ್ತಕ ತಲುಪಿಸಲು ಹೊರಗೆ ಹೋಗಿದ್ದರು. ಅಂಗಡಿಯಲ್ಲಿ ಇದ್ದವರು ನಾನು ಮತ್ತು ಅವಳು.

ಅವಳ ಮುಂದೆ ಹೋಗಿ ನಿಂತೆ. ಪುಸ್ತಕ, ಚೀಟಿ ಎರಡನ್ನೂ ಚಾಚಿದೆ.

“ಇದನ್ನ ನಿನ್ ಮೊಬೈಲಲ್ಲಿ ಹಾಕ್ಕೊಡ್ತೀಯಾ?”

ಅವಳು ಚೀಟಿ ಓದಿದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

“ನಿಂದು ಹೋಗದಿದ್ರೆ ಸೀಟು ನಂದೇ, ಅಕ್ಕ.”

“ಗೊತ್ತು.”

“ನಿನ್ ಮಾರ್ಕ್ಸೂ ನಂಗಿಂತ ಜಾಸ್ತಿ.”

“ಅದೂ ಗೊತ್ತು.”

“ಮತ್ತೆ ಯಾವ ಧೈರ್ಯದ ಮೇಲೆ ಕೇಳ್ತಿದೀಯ?”

“ಧೈರ್ಯ ಎಲ್ಲಿಂದ ಬಂತು? ಬೇರೆ ದಾರಿ ಇಲ್ಲ.”

ಅವಳು ಚೀಟಿ ಮಡಚಿ ಪಕ್ಕಕ್ಕಿಟ್ಟಳು. “ನಿಂಗೆ ನನ್ ಮೇಲೆ ಹೊಟ್ಟೆಕಿಚ್ಚು. ಅದು ಈ ಬೀದಿಗೆಲ್ಲ ಗೊತ್ತು. ನಂಗೆ ನಿನ್ ಮೇಲೆ ಇಲ್ಲ ಅಂದ್ಕೊಂಡಿದೀಯಾ? ನೀವಿಬ್ರೂ ಒಳಗೆ ಮಾತೇ ಆಡದೆ ಕೂತಿರ್ತೀರ, ಒಬ್ಬರ ಕೈಗೆ ಏನು ಬೇಕು ಅಂತ ಇನ್ನೊಬ್ಬರಿಗೆ ಗೊತ್ತಾಗುತ್ತೆ. ನಾನು ಇಲ್ಲಿ ಗಂಟಲು ಹರ್ಕೊಂಡು ಬಂದವರನ್ನೆಲ್ಲ ನಗಿಸ್ತಿರ್ಬೇಕು. ಅಪ್ಪ ಒಂದು ಸಲ ನನ್ ಕೈಗೆ ಚಾಕು ಕೊಟ್ಟಿದಾರಾ? ಮನೇಲಿ ಕಲಿಸಲ್ಲ, ಅಲ್ಲಾದ್ರೂ ಕಲಿಸ್ತಾರೆ ಅಂತ ಹಾಕಿದೆ.”

ಅವಳು ಮೊಬೈಲು ತೆಗೆದು, “ತಾ ಇಲ್ಲಿ,” ಎಂದಳು.

ಫೋಟೋ ತೆಗೆಯಲು ಪುಸ್ತಕ ಬಿಡಿಸಿ ಹಿಡಿದೆ. ನನ್ನ ಹೊಲಿಗೆ ಎಷ್ಟು ಬಿಗಿಯಾಗಿತ್ತೆಂದರೆ ಹಾಳೆಗಳು ಪೂರ್ತಿ ತೆರೆದುಕೊಳ್ಳಲೇ ಇಲ್ಲ. ಪ್ರತಿ ಸಾಲಿನ ಮೊದಲ ಅಕ್ಷರಗಳನ್ನು ಬೆನ್ನು ನುಂಗಿಬಿಟ್ಟಿತ್ತು. ಬಿಚ್ಚದೆ ಗತಿಯಿರಲಿಲ್ಲ. ಒಳಗಿನಿಂದ ಅಪ್ಪನ ಚಾಕು ತಂದೆ. ನೀಲಿ ಬಟ್ಟೆಯ ಮೇಲಿಟ್ಟೆ. ಎಳೆಯಲಿಲ್ಲ.

“ಕೊಡು,” ಎಂದು ಅವಳು ಚಾಕು ಇಸಕೊಂಡಳು.

ಬಟ್ಟೆಯನ್ನು ಒಂದೇ ಎಳೆತಕ್ಕೆ ಸೀಳಿದಳು. ದಾರದ ಗಂಟುಗಳನ್ನು ಒಂದೊಂದೇ ಕತ್ತರಿಸಿ, ಹಾಳೆಗಳನ್ನು ಹೂ ಬಿಡಿಸಿದ ಹಾಗೆ ಬಿಡಿಸಿಟ್ಟಳು. ಒಂದು ಹಾಳೆಯೂ ಹರಿಯಲಿಲ್ಲ. ನಾನು ಅಷ್ಟು ನಯವಾಗಿ ಬಿಚ್ಚಲು ಕಲಿಯುವ ಹೊತ್ತಿಗೆ ಎಷ್ಟು ಪುಸ್ತಕ ಹಾಳು ಮಾಡಿದ್ದೆನೋ. ನನಗೋಸ್ಕರ ತನ್ನ ಸೀಟನ್ನೇ ಪಣಕ್ಕಿಟ್ಟವಳ ಕೈ ನೋಡಿ ಆಗಲೂ ನನ್ನ ಹೊಟ್ಟೆ ಉರಿಯಿತು.

“ಎಲ್ಲಿ ಕಲಿತೆ?”

“ಬಾಗಿಲಲ್ಲಿ ನಿಂತು.”

ಒಂದೊಂದೇ ಹಾಳೆಯ ಫೋಟೋ ತೆಗೆದಳು. ಕೊನೆಗೆ ‘ಸಲ್ಲಿಸಿ’ ಎಂಬಲ್ಲಿ ಅವಳ ಹೆಬ್ಬೆರಳು ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ. ಒತ್ತಿದಳು. ಟಿಂಗ್ ಎಂದಿತು.

ಆಮೇಲಿನ ದಿನಗಳಲ್ಲಿ ಅವಳ ಮೊಬೈಲು ಸದ್ದು ಮಾಡಿದಾಗಲೆಲ್ಲ ಇಬ್ಬರೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದೆವು. ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಹಿಂದಿನ ಕೋಣೆಗೆ ಬಂದು ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಕಣ್ಣು ಕೆಂಪಗಿದ್ದವು.

“ಅಪ್ಪ, ಸೀಟು ಅಕ್ಕಂಗೆ ಸಿಕ್ತು,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಏಳು. ಜಾಗ ಬಿಡು,” ಎಂದಳು.

ನಾನು ಎದ್ದೆ. ಅವಳು ಕಿಟಕಿಯ ಬೆಳಕಿನಲ್ಲಿ, ಅಪ್ಪನ ಪಕ್ಕ, ನನ್ನ ಸ್ಟೂಲಿನ ಮೇಲೆ ಕೂತಳು. ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. ಚಾಕುವಿನ ಹಿಡಿಯನ್ನು ಅವಳ ಕಡೆ ತಿರುಗಿಸಿ ಚಾಚಿದರು.

ಹೊರಡುವ ದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲ ಬಳಿ ಚೀಲವಿಟ್ಟುಕೊಂಡು ಮುಂದಿನ ಕೋಣೆಯಲ್ಲಿ ಕೂತಿದ್ದೆ. ಒಳಗಿನಿಂದ ಅಪ್ಪನ ದನಿ ಕೇಳಿಸುತ್ತಿತ್ತು. “ಹಂಗಲ್ವೇ, ಬೆರಳು ಮಡಚಿಕೋ. ಹಾಂ, ಹಿಂಗೆ.” ಅವಳು ಏನೋ ಅಂದಳು. ಅಪ್ಪ ನಕ್ಕರು. ನನ್ನ ಪಕ್ಕ ಅವರು ಮೌನವಾಗಿ ಕೂತಿದ್ದೇ ದೊಡ್ಡ ಪ್ರೀತಿ ಎಂದು ನಾನು ತಿಳಿದಿದ್ದೆ. ಕೆಲಸ ಮಾಡುತ್ತಾ ಅವರು ನಗಬಲ್ಲರು ಎಂದು ನನಗೆ ಗೊತ್ತೇ ಇರಲಿಲ್ಲ.

ಗಿರಾಕಿಯೊಬ್ಬರು ಬಂದರು. “ಎಲ್ಲಮ್ಮಾ, ಮಾತಾಡೋ ಹುಡುಗಿ ಕಾಣ್ತಿಲ್ಲ?”

“ಒಳಗಿದಾಳೆ,” ಎಂದೆ. “ಅಪ್ಪನ ಹತ್ರ ಕೆಲಸ ಕಲೀತಿದಾಳೆ.”

ಸೀಟು ನನ್ನದಾಗಿತ್ತು, ಟಿಕೆಟ್ಟು ಕೈಯಲ್ಲಿತ್ತು. ಆದರೂ ಆ ಮಾತು ಹೇಳುವಾಗ ಹೊಟ್ಟೆ ಉರಿದುಹೋಯಿತು.