ಜೋಡಿ ಕಂಬದ ಕ್ರೀಸ್ತೋಸ್

ಅಮೊರ್ಗೊಸ್ ದ್ವೀಪದಲ್ಲಿ ದೋಣಿಗೆ ಹೆಸರು ಬರೆಯಬೇಕೆಂದರೆ ಸ್ತಮಾತಿಸನೇ ಆಗಬೇಕು. ಅಕ್ಷರ ಮುತ್ತಿನಂಥದು, ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ಆ ವರ್ಷ ಈಸ್ಟರಿನ ಹಿಂದಿನ ದಿನ ಚರ್ಚಿನ ಬಾಗಿಲ ಮೇಲೆ ಹೊಸ ಹಲಗೆ ಹೊಡೆದು, ಏಣಿಯಿಂದಿಳಿದು, ದೂರ ನಿಂತು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡ. ದಪ್ಪ ನೀಲಿ ಅಕ್ಷರದಲ್ಲಿ ‘ಕ್ರಿಸ್ತೋಸ್ ಎದ್ದು ಬಂದಿದ್ದಾನೆ’ ಎಂದು ಬರೆದಿದ್ದೇನೆಂದೇ ಅವನ ನಂಬಿಕೆ.

ಮೊದಲು ಓದಿದವಳು ಅಸಿಮಿನಾ. ಬುಟ್ಟಿ ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು.

“ನಮ್ಮನೆಯೋರು ಎದ್ದುಬಿಟ್ರಾ? ನಾನು ಬರೋವಾಗ ಗೊರಕೆ ಹೊಡೀತಿದ್ರಲ್ಲೋ!”

ಹಲಗೆಯ ಮೇಲೆ ಯೇಸುವಿನ ‘ಕ್ರಿಸ್ತೋಸ್’ ಬದಲು ‘ಕ್ರೀಸ್ತೋಸ್’ ಎಂದಿತ್ತು, ಅದು ಅವಳ ಗಂಡನ ಹೆಸರು. ಅವನು ಮಧ್ಯಾಹ್ನಕ್ಕೆ ಮುಂಚೆ ಹಾಸಿಗೆ ಬಿಟ್ಟದ್ದನ್ನು ಕಂಡವರಿರಲಿಲ್ಲ. ಕ್ಷಣದಲ್ಲಿ ಜನ ಸೇರಿದರು. ಗಲಾಟೆ ಕೇಳಿ ಪಾದ್ರಿ ಆಂಥಿಮೋಸ್ ಓಡಿಬಂದು ತಲೆಯೆತ್ತಿದರು, ಮುಖ ಕೆಂಪಗಾಯಿತು. ಗ್ರೀಕಿನಲ್ಲಿ ‘ಇ’ ಸದ್ದಿಗೆ ಒಂದೇ ಕಂಬದಂಥ I ಅಕ್ಷರವೂ ಉಂಟು, ಎರಡು ಕಂಬಕ್ಕೆ ಅಡ್ಡಗೆರೆ ಹಾಕಿದ H ಅಕ್ಷರವೂ ಉಂಟು.

“ಏನೋ ಇದು ಸ್ತಮಾತಿ? ಒಂಟಿ ಕಂಬದ ‘ಇ’ ಹಾಕೋ ಕಡೆ ಜೋಡಿ ಕಂಬದ್ದು ಹಾಕಿದ್ದೀಯಲ್ಲೋ!”

“ಎರಡೂ ‘ಇ’ನೇ ಅಲ್ವಾ ಸ್ವಾಮಿ? ದೋಣಿ ಮೇಲೆಲ್ಲಾ ಹೀಗೇ ಬರೆಯೋದು.”

“ದೋಣಿ ಮೇಲಿರೋದು ಮಾಲೀಕನ ಹೆಸರು! ಇದು ಹೆಸರೇ ಅಲ್ಲ, ಪದವಿ. ಎಣ್ಣೆ ಹಚ್ಚೋದಕ್ಕೆ ಒಂದು ಕ್ರಿಯಾಪದ ಇದೆ. ಅದಕ್ಕೆ ‘ತೋಸ್’ ಸೇರಿಸಿದರೆ ಎಣ್ಣೆ ಹಚ್ಚಿಸಿಕೊಂಡವನು, ಅಭಿಷಿಕ್ತ ಅಂತ ಆಗುತ್ತೆ. ಒತ್ತು ಕೊನೇಲಿ ಬೀಳಬೇಕು, ಕ್ರಿಸ್ತೋಸ್!”

“ಹಂಗಾದ್ರೆ ನಂದೇನರ್ಥ?”

ಎಲ್ಲರೂ ತಿರುಗಿದರು. ಸದ್ದಿಗೆ ಎಚ್ಚರಗೊಂಡ ಕ್ರೀಸ್ತೋಸ್ ಮಲಗುವ ಅಂಗಿಯಲ್ಲೇ ಬಂದು ನಿಂತಿದ್ದ. ಪಾದ್ರಿ ಸ್ವಲ್ಪ ತಡವರಿಸಿ, “ಜೋಡಿ ಕಂಬದ್ದು ಬೇರೆ ಮಾತು ಕಣಪ್ಪ. ‘ಉಪಯೋಗಕ್ಕೆ ಬರೋನು’ ಅಂತ,” ಎಂದರು.

ಅಸಿಮಿನಾ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. “ಯಾರ್ ಸ್ವಾಮಿ ಇವರಿಗೆ ಈ ಹೆಸರಿಟ್ಟೋರು?”

“ನಮ್ಮಜ್ಜಿ,” ಎಂದ ಕ್ರೀಸ್ತೋಸ್. “ಪಾಪ, ಆಗಿನ್ನೂ ನನ್ನ ಪರಿಚಯ ಇರಲಿಲ್ಲ ಅವಳಿಗೆ.”

ಪಾದ್ರಿಯೂ ನಕ್ಕುಬಿಟ್ಟರು. ನಗದೆ ಉಳಿದವನು ಸ್ತಮಾತಿಸ್ ಒಬ್ಬನೇ. ಇಡೀ ಊರಿನ ಮುಂದೆ ತನ್ನ ಅಕ್ಷರ ಹಾಸ್ಯಕ್ಕೀಡಾದ್ದಕ್ಕೆ ಅವನ ಕಣ್ಣಲ್ಲಿ ನೀರಾಡುತ್ತಿತ್ತು. ಹಲಗೆ ಕಿತ್ತು ಸಮುದ್ರಕ್ಕೆಸೆಯುತ್ತೇನೆಂದು ಏಣಿ ಹತ್ತಹೋದ.

ಕ್ರೀಸ್ತೋಸ್ ಅವನ ತೋಳು ಹಿಡಿದ. “ತಾಳೋ ಮಾರಾಯ. ಬಣ್ಣ ಇನ್ನೂ ಹಸಿ. ಒಂದು ಕಂಬ ಒರೆಸು, ಅಡ್ಡಗೆರೆ ಒರೆಸು, ಮುಗೀತು. ಖಾಲಿ ಜಾಗದಲ್ಲಿ ಒಂದು ಆಲಿವ್ ಕೊಂಬೆ ಬರಿ. ಎಣ್ಣೆ ಬರೋದೂ ಅದರಿಂದಲೇ ತಾನೆ?”

ಸ್ತಮಾತಿಸ್ ಮೂಗೊರೆಸಿಕೊಂಡು ಹತ್ತಿದ. ಕ್ರೀಸ್ತೋಸ್ ಅಂಗಿಗೆ ಸಿಡಿಯುತ್ತಿದ್ದ ನೀಲಿ ಹನಿಗಳನ್ನು ಲೆಕ್ಕಿಸದೆ ಏಣಿ ಒತ್ತಿ ಹಿಡಿದಿದ್ದ. ಕೊಂಬೆ ಎಷ್ಟು ಚೆನ್ನಾಗಿ ಬಂತೆಂದರೆ, ಪಕ್ಕದ ಹಳ್ಳಿಯ ಪಾದ್ರಿ ಅದನ್ನು ನೋಡಿ, ತಮ್ಮ ಚರ್ಚಿಗೂ ಅಂಥದೇ ಹಲಗೆ ಬೇಕೆಂದು ಹಬ್ಬ ಕಳೆದ ಮೇಲೆ ಹೇಳಿಕಳಿಸಿದರು. ಸ್ತಮಾತಿಸ್ ಒಪ್ಪಿಕೊಂಡು, ಏಣಿ ಹಿಡಿಯಲು ಬರುತ್ತೀಯಾ ಎಂದು ಕ್ರೀಸ್ತೋಸನನ್ನು ಕೇಳಿದ.

“ಬರ್ತೀನಿ,” ಎಂದ ಅವನು. “ಊಟ ಆದ್ಮೇಲೆ ಇಟ್ಕೋ.”