ಮೀಸಲು ತೆಗೆದ ಸೋಡಾ

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಹುಸೇನಮ್ಮನ ಒಗ್ಗರಣಿ-ಮಿರ್ಚಿ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೊಂದು ತಗಡು, ಕೆಳಗೊಂದು ಒಲೆ. ಆದರೂ ಲಿಂಗಸುಗೂರು ಬಸ್ಸಿನ ಡ್ರೈವರುಗಳು ಅಲ್ಲಿ ತಿನ್ನದೆ ಮುಂದೆ ಹೋಗುತ್ತಿರಲಿಲ್ಲ. ಅವಳ ಭಜಿ ಖಾರ, ಬಾಯಿ ಅದಕ್ಕಿಂತ ಖಾರ. ಆ ಬಾಯಿಯೇ ಅವಳಿಗೆ ಮುಳುವಾಯಿತು ಎಂದು ಊರು ಇವತ್ತಿಗೂ ಹೇಳುತ್ತದೆ. ಊರಿಗೇನು, ಹೇಳುತ್ತದೆ. ಮುಳುವಾದದ್ದು ಬಸ್ಸಪ್ಪನ ಅಂಗಡಿಯ ಡಬ್ಬಿ.

ಬಸ್ಸಪ್ಪನದು ಕಿರಾಣಿ ಅಂಗಡಿ. ಕಾಲುವೆ ನೀರು ಬಂದು ಸಿಂಧನೂರು ಕಡೆಯೆಲ್ಲ ಭತ್ತವಾದ ಮೇಲೆ ಗೋದಾಮುಗಳು ಎದ್ದವು. ಗೋದಾಮಿನ ಹಿಂದೆ ಇಲಿಗಳು ಬಂದವು, ಇಲಿಗಳ ಹಿಂದೆ ಇಲಿ ಪಾಷಾಣ ಬಂತು. ಬಿಳಿ ಪುಡಿ, ವಾಸನೆ ಇಲ್ಲ, ರುಚಿ ಇಲ್ಲ. ಬಸ್ಸಪ್ಪ ಅದರ ಡಬ್ಬಿಯನ್ನು ಅಡುಗೆ ಸೋಡಾದ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದ. ಎರಡರ ಮೇಲೂ ಹೆಸರಿಲ್ಲ.

"ಯಾವುದು ಯಾವುದಂತ ನನಗ ಗೊತ್ತೈತಿ ಬಿಡ್ರಿ," ಎನ್ನುತ್ತಿದ್ದ.

ಅವನಿಗೆ ಗೊತ್ತಿತ್ತು, ನಿಜ. ಆದರೆ ಆ ಗುರುವಾರ ಅವನು ಮದುವೆಗೆ ಹೋಗಿದ್ದ, ಗಲ್ಲಾದ ಮುಂದೆ ಅವನ ಅಳಿಯ ಕೂತಿದ್ದ. ಹುಸೇನಮ್ಮ ಸೋಡಾ ಕೇಳಿದಳು. ಅಳಿಯ ಬಿಳಿ ಪುಡಿ ಕಟ್ಟಿಕೊಟ್ಟ.

ಅದೇ ಸಂಜೆ ಅವಳ ಅಂಗಡಿಯಲ್ಲಿ ಜಗಳವಾಯಿತು. ಗೋದಾಮಿನ ಹಮಾಲಿ ಯಮನೂರಪ್ಪ ಭಜಿ ಸಣ್ಣದಾಗಿದೆ ಎಂದು ಎಲ್ಲರೆದುರು ಚಾಷ್ಟಿ ಮಾಡಿದ. ಹುಸೇನಮ್ಮ ಭಜಿ ತೆಗೆಯುವ ಜಾರಿ ಎತ್ತಿಕೊಂಡು ಎದ್ದು ನಿಂತಳು.

"ನಾಳೆ ಬಾರಲೇ ಭಾಡ್ಯಾ! ನಿನ್ನ ಹೊಟ್ಟಿ ಹರಿಯೂ ಹಂಗ ಹಾಕ್ತೀನಿ!"

ಎಲ್ಲರೂ ನಕ್ಕರು. ಯಮನೂರಪ್ಪನೂ ನಕ್ಕ.

ಮರುದಿನ ಶುಕ್ರವಾರ. ಹುಸೇನಮ್ಮನಿಗೆ ಹುಲಿಗೆಮ್ಮನ ವಾರ, ಉಪವಾಸ. ಹೊಸ ಪೊಟ್ಟಣ ಯಾವುದೇ ಬಿಚ್ಚಲಿ, ಹಿಟ್ಟಾಗಲಿ, ಉಪ್ಪಾಗಲಿ, ಮೊದಲ ಚಿಟಿಕೆ ದೇವಿಗೆ ಮೀಸಲು. ತಾಯಿ ತಿಮ್ಮವ್ವ ಕಲಿಸಿದ ಪದ್ಧತಿ ಅದು. ಅವತ್ತೂ ಸೋಡಾದ ಪೊಟ್ಟಣದಿಂದ ಒಂದು ಚಿಟಿಕೆ ಹಿತ್ತಾಳೆ ಬಟ್ಟಲಿಗೆ ಹಾಕಿ, ಅರಿಶಿಣ ಕುಂಕುಮ ಏರಿಸಿ, ಮನೆಯೊಳಗಿನ ದೇವರ ಜಗಲಿಯ ಮೇಲಿಟ್ಟು ಕೈಮುಗಿದು ಅಂಗಡಿಗೆ ಬಂದಳು.

ಭಜಿ ಉಬ್ಬಲಿಲ್ಲ. ಎಣ್ಣೆಯಲ್ಲಿ ಮುಳುಗಿ ಕಲ್ಲಿನಂತೆ ಕೂತವು. ಭಜಿ ಕರಿಯುವ ಯಾವ ಹೆಂಗಸಾದರೂ ಏನು ಮಾಡುತ್ತಾಳೋ ಅದನ್ನೇ ಅವಳೂ ಮಾಡಿದಳು. "ಸೋಡಾ ಸತ್ತೈತಿ," ಎಂದು ಗೊಣಗಿ, ಪೊಟ್ಟಣದಲ್ಲಿ ಉಳಿದದ್ದನ್ನೆಲ್ಲ ಹಿಟ್ಟಿಗೆ ಸುರಿದು, ಕಾಗದವನ್ನು ಒಲೆಗೆ ಹಾಕಿದಳು.

ಯಮನೂರಪ್ಪ ಬಂದ. ನಿನ್ನೆಯ ಸವಾಲಿಗೆ ಹೊಟ್ಟೆ ಬಿರಿಯುವಂತೆ ತಿಂದ. ಮಧ್ಯಾಹ್ನ ವಾಂತಿ ಶುರುವಾಯಿತು, ಆಮೇಲೆ ಕೈಕಾಲು ಬಿದ್ದವು, ಸಂಜೆಗೆ ಸತ್ತ. ಒಂದೊಂದು ತಿಂದವರು ವಾಂತಿ ಮಾಡಿಕೊಂಡು ಉಳಿದರು.

ಹೆಣದ ಹೊಟ್ಟೆಯಲ್ಲಿ ಇಲಿ ಪಾಷಾಣ ಸಿಕ್ಕಿತು. ಪೊಲೀಸರಿಗೆ ಮತ್ತೇನು ಬೇಕು? ಹಿಂದಿನ ಸಂಜೆಯ ಮಾತಿಗೆ ಬಸ್‌ಸ್ಟ್ಯಾಂಡೇ ಸಾಕ್ಷಿ. "ನೀ ಯಾಕ ಒಂದೂ ತಿನ್ನಲಿಲ್ಲ?" ಎಂದು ಕೇಳಿದರು. "ಉಪಾಸ ಇದ್ನಿರಿ," ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋಡಾ ತಂದದ್ದು ಬಸ್ಸಪ್ಪನ ಅಂಗಡಿಯಿಂದ ಎಂದಳು. ಬಸ್ಸಪ್ಪ ತಾನಾಗಿಯೇ ಸೋಡಾದ ಡಬ್ಬಿ ತಂದು ಮೇಜಿನ ಮೇಲಿಟ್ಟ. ಅಚ್ಚ ಸೋಡಾ. ಹುಸೇನಮ್ಮ ಜೈಲಿಗೆ ಹೋದಳು.

ಅವಳ ಪಕ್ಕದ ಮನೆಯ ಮಾನಪ್ಪ ಸಿಂಧನೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಹುಸೇನಮ್ಮನನ್ನು ಅಕ್ಕ ಎಂದೇ ಕರೆದು ಬೆಳೆದವನು. ಸುದ್ದಿ ಕೇಳಿ ಓಡಿಬಂದು ತಿಮ್ಮವ್ವನ ಮುಂದೆ ಕೂತು ಕೇಳಿದ ಮೊದಲ ಪ್ರಶ್ನೆ:

"ಆಯಿ, ಅವತ್ತು ಭಜಿ ಉಬ್ಬಿದ್ವು?"

"ನನ್ನ ಮಗಳು ಜೇಲಿನ್ಯಾಗ ಅದಾಳ, ಇವಗ ಭಜಿ ಚಿಂತಿ!" ಎಂದು ಮುದುಕಿ ಸಿಡುಕಿದಳು. ಆಮೇಲೆ ಹೇಳಿದಳು, "ಇಲ್ಲಪಾ. ಕಲ್ಲಾಗಿದ್ವಂತ."

"ಸೋಡಾ ಇದ್ರ ಉಬ್ಬಬೇಕಿತ್ತು. ಅದು ಸೋಡಾನ ಅಲ್ಲ. ಪೊಟ್ಟಣದಾಗ ಬರೇ ಪಾಷಾಣ ಇತ್ತು. ಆಯಿ, ಅದರಾಗಿಂದು ಒಂದು ಕಾಳರ ಉಳದೈತೇನು?"

ತಿಮ್ಮವ್ವ ಜಗಲಿಯ ಕಡೆ ಬೆರಳು ತೋರಿಸಿದಳು.

ಬಟ್ಟಲಲ್ಲಿ ಇದ್ದದ್ದು ಒಂದು ಚಿಟಿಕೆ, ಅದರ ತುಂಬ ಅರಿಶಿಣ ಕುಂಕುಮ. ಕಾಲೇಜಿನಲ್ಲಿ ಆಸಿಡ್ ಹಾಕಿ ಪರೀಕ್ಷೆ ಮಾಡಿದರೆ ಅಷ್ಟೂ ಕರಗಿಹೋಗುತ್ತದೆ, ಕೋರ್ಟಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಮಾನಪ್ಪ ಅದನ್ನು ಗಾಜಿನ ಸೀಸೆಗೆ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ. ಅಲ್ಲೊಂದು ಸಂಸ್ಥೆಯಲ್ಲಿ ಸಾಲಗುಂದದ ದುರುಗಪ್ಪ, ಅವನ ಜೊತೆ ಓದಿದವನು, ರಾಮನ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ವಸ್ತುವಿನ ಮೇಲೆ ಲೇಸರ್ ಬಿಟ್ಟರೆ ಚದುರಿ ಬರುವ ಬೆಳಕಿನಲ್ಲಿ ಅತಿ ಸ್ವಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಎನ್ನುವುದು ಆ ವಸ್ತುವಿನ ಗುರುತು. ಸೋಡಾದ ಗುರುತು ಬೇರೆ, ಪಾಷಾಣದ್ದು ಬೇರೆ. ಪುಡಿ ಮಾತ್ರ ಇದ್ದ ಹಾಗೇ ಉಳಿಯುತ್ತದೆ.

ಕತ್ತಲೆ ಕೋಣೆಯಲ್ಲಿ ಪುಡಿಯ ಮೇಲೆ ಹಸಿರು ಬೆಳಕು ಬಿತ್ತು. ಆ ಗುರುತಿನ ಗೆರೆ ಎಳೆಯಬೇಕಾದ ಯಂತ್ರದ ಪೆನ್ನು ಸರ್ರನೆ ಮೇಲೇರಿ ಕಾಗದದ ಅಂಚಿಗೆ ಬಡಿದು ಅಲ್ಲೇ ನಿಂತಿತು.

"ಅರಿಶಿಣಪಾ," ಎಂದ ದುರುಗಪ್ಪ. "ಬೆಳಕು ಬಿದ್ರ ಅದು ತಾನ ಬೆಳಗತೈತಿ. ಅದರ ಗದ್ದಲದಾಗ ಉಳಿದದ್ದರ ಮಾತು ಕೇಳಂಗಿಲ್ಲ."

ಕೆಲವೇ ಕಾಳು ಬೇರೆ ಮಾಡಿ ಸ್ಪಿರಿಟ್‌ನಲ್ಲಿ ತೊಳೆದ. ಹಳದಿ ಹೋಯಿತು. ಒಣಗಿಸಿ ಮತ್ತೆ ಇಟ್ಟ. ಈ ಸಲ ಪೆನ್ನು ತಣ್ಣಗೆ ನಡೆದು ಒಂದೇ ಜಾಗದಲ್ಲಿ ನೆಟ್ಟಗೆ ಎದ್ದು ಇಳಿಯಿತು. ಬೇರಿಯಂ ಕಾರ್ಬೊನೇಟ್, ಬಸ್ಸಪ್ಪ ಮಾರುವ ಇಲಿ ಪಾಷಾಣ. ಸೋಡಾದ ಗೆರೆ ಇರಬೇಕಾದ ಜಾಗದಲ್ಲಿ ಏನೇನೂ ಇಲ್ಲ.

ಮಾನಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ. ಅಕ್ಕ ಮನೆಗೆ ಬಂದಳು ಎಂದೇ ಅವನಿಗೆ ಅನ್ನಿಸಿತು.

ಕೋರ್ಟಿನಲ್ಲಿ ಅವನು ಪಾಠ ಮಾಡಿದಂತೆ ಬಿಡಿಸಿ ಹೇಳಿದ. ಕೊಲ್ಲಬೇಕು ಅಂದವಳು ಸೋಡಾದ ಜೊತೆ ವಿಷ ಬೆರೆಸುತ್ತಾಳೆ, ಇಲ್ಲಿ ಸೋಡಾ ಒಂದು ಕಾಳೂ ಇಲ್ಲ. ಅವಳು ಸೋಡಾ ಎಂದು ನಂಬಿ ತಂದದ್ದೇ ವಿಷ. ನಂಬಿದ್ದಕ್ಕೇ ದೇವರಿಗೆ ಮೀಸಲಿಟ್ಟಳು.

ಸರ್ಕಾರಿ ವಕೀಲರು ಕನ್ನಡಕ ಒರೆಸಿಕೊಂಡು ಎದ್ದರು.

"ಈ ಪುಡಿ ಎಲ್ಲಿತ್ತು ಲೆಕ್ಚರರ್ ಸಾಹೇಬ್ರ?"

"ಅವರ ಮನ್ಯಾಗ್ರಿ. ದೇವರ ಜಗಲಿ ಮ್ಯಾಲ."

"ಅಲ್ಲಿ ಇಟ್ಟಾಕಿ ಯಾರು?"

"ಹುಸೇನಮ್ಮ."

"ಇದು ವಿಷಾನ ಹೌದು, ಅನುಮಾನ ಇಲ್ಲ?"

ಮಾನಪ್ಪ ಏನು ಹೇಳಿಯಾನು? ಯಂತ್ರ ಹೇಳಿದ್ದನ್ನೇ ಹೇಳಬೇಕು.

"ಅನುಮಾನ ಇಲ್ರಿ."

ವಕೀಲರು ನ್ಯಾಯಾಧೀಶರ ಕಡೆ ತಿರುಗಿದರು. ಪೊಲೀಸರು ಮನೆಯೆಲ್ಲ ಜಾಲಾಡಿದರೂ ವಿಷ ಸಿಕ್ಕಿರಲಿಲ್ಲ, ಆರೋಪಿಯ ಕಡೆಯವರೇ ತಂದು ಒಪ್ಪಿಸಿದ್ದಾರೆ, ಉಪಕಾರವಾಯಿತು ಎಂದರು. ಹೆಂಗಸು ವಿಷವನ್ನು ದೇವಿಯ ಮುಂದಿಟ್ಟು, ಪೂಜೆ ಮಾಡಿ, ಆಮೇಲೆ ಹಾಕಿದ್ದಾಳೆ. ತಾನು ಮಾತ್ರ ತಿಂದಿಲ್ಲ. ಬಸ್ಸಪ್ಪ ಹಿಂದಿನ ಬೆಂಚಿನಲ್ಲಿ ಕೂತು ಎಲೆ-ಅಡಿಕೆ ಅಗಿಯುತ್ತಿದ್ದ.

ಜೀವಾವಧಿ ಆಯಿತು. ಪೊಲೀಸ್ ಜೀಪಿನ ಹತ್ತಿರ ಮಾನಪ್ಪನಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ಅವಳೇ ಕರೆದಳು.

"ಅಳಬ್ಯಾಡಲೇ ತಮ್ಮಾ. ನಿನ್ನ ಮಷೀನು ಖರೇನ ಹೇಳೇತಿ. ಕೊಟ್ಟವರು ಯಾರಂತ ಯಾರೂ ಅದನ್ನ ಕೇಳಲಿಲ್ಲ."

ಅದನ್ನು ಹೇಳುವ ಯಂತ್ರ ಯಾವ ದೇಶದಲ್ಲೂ ಇಲ್ಲ. ಮರುವಾರವೇ ಬಸ್ಸಪ್ಪ ತನ್ನ ಎರಡೂ ಡಬ್ಬಿಗಳ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಹೆಸರು ಬರೆಸಿದ. ಬಸ್‌ಸ್ಟ್ಯಾಂಡಿನಿಂದ ಓದಬಹುದಿತ್ತು. ಓದಿದವರು ಯಾರೂ ಯಾಕೆ ಎಂದು ಕೇಳಲಿಲ್ಲ.

ಈಗ ಅಂಗಡಿ ನಡೆಸುವುದು ತಿಮ್ಮವ್ವ. ಹೊಟ್ಟೆ ಕೇಳಬೇಕಲ್ಲ. ಗಿರಾಕಿಗಳು ಮೊದಲಿನಷ್ಟಿಲ್ಲ, ಬರುವವರೂ ಹೆದರುತ್ತಲೇ ಬರುತ್ತಾರೆ. ಜಗಲಿಯ ಮೇಲೆ ದೀಪ ಉರಿಯುತ್ತದೆ, ಬಟ್ಟಲು ಮಾತ್ರ ಖಾಲಿ. ಮುದುಕಿ ದೇವಿಗೆ ಮೀಸಲು ಇಡುವುದನ್ನು ಬಿಟ್ಟಿದ್ದಾಳೆ.

ಶನಿವಾರಗಳಂದು ಮಾನಪ್ಪ ಬರುತ್ತಾನೆ. ಮೊದಲ ಭಜಿ ಎಣ್ಣೆಯಿಂದ ಮೇಲೆ ಬಂದಾಗ ಅವನು ಕೈ ಚಾಚುತ್ತಾನೆ. ತಿಮ್ಮವ್ವ ಆ ಕೈಯನ್ನು ಸರಿಸಿ, ಭಜಿಯನ್ನು ತಾನೇ ಪೂರ್ತಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಕಂಬಕ್ಕೆ ಒರಗುತ್ತಾಳೆ. ನಿಂತ ಗಿರಾಕಿಗಳೂ ಅವಳ ಮುಖವನ್ನೇ ನೋಡುತ್ತ ಕಾಯುತ್ತಾರೆ.

"ಇನ್ನೊಂಚೂರು ತಡಿಯಪಾ," ಎನ್ನುತ್ತಾಳೆ. "ನಾ ಸಾಯ್ಲಿಲ್ಲಂದ್ರ ತಿನ್ನೀಯಂತ."